ಬಂಡೆಯ ಕಡೆ ನಿಲ್ಲುತ್ತಿದ್ದ ದೀಪ

ಹುಬ್ಬಳ್ಳಿಗೆ ಸಮುದ್ರವಿಲ್ಲ. ಆದರೂ ಒಂದು ಮಳೆಗಾಲ ಪೂರ್ತಿ ಕಮರಿಪೇಟೆಯ ನಮ್ಮ ಕಾರಖಾನೆಯ ಹಿತ್ತಲಲ್ಲಿ ಸಮುದ್ರದ ದೀಪವೊಂದು ತಿರುಗುತ್ತಿತ್ತು. ಹೇಳಿದರೆ ಈಗಿನವರು ನಗುತ್ತಾರೆ. ನಗಲಿ. ಅದನ್ನು ತಿರುಗುವಂತೆ ಮಾಡಿದ ಕೈ ನನ್ನದು.

ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟು ಭಟ್ಟಿಯ ಮುಂದೆ ನಿಂತವನು ನಾನು. ಎರಡನೇ ಮಹಾಯುದ್ಧಕ್ಕೆ ಮೊದಲಿನ ಆ ವರ್ಷಗಳಲ್ಲಿ ಕಾರಖಾನೆಯ ದೊಡ್ಡ ಮಿಸ್ತ್ರಿ ಆಗಿದ್ದೆ. ಕಬ್ಬಿನ ಗಾಣದ ಉರುಳೆ, ಹತ್ತಿ ಜಿನ್ನಿನ ಹಲ್ಲುಗಾಲಿ, ಹಿಟ್ಟಿನ ಗಿರಣಿಯ ಅಚ್ಚು, ಏನೇ ಬರಲಿ, ನನ್ನ ಕೈ ದಾಟಿ ಹೋದ ಕೆಲಸ ಮತ್ತೆ ರಿಪೇರಿಗೆಂದು ಬಾಗಿಲಿಗೆ ಬಂದದ್ದಿಲ್ಲ. ಈ ಮಾತು ಹಮ್ಮಿನದು ಎಂದು ಗೊತ್ತು. ಹಮ್ಮು ಪಡುವಷ್ಟು ಬೆವರು ಸುರಿಸಿದ್ದೇನೆ.

ಬೇಸಿಗೆ ಮುಗಿಯುವ ಹೊತ್ತಿಗೆ ಕರಾವಳಿಯ ಬಂದರು ಖಾತೆಯ ಸಾಹೇಬರಿಂದ ನಮ್ಮ ಮಾಲಕರು ಒಂದು ಕೆಲಸ ಹಿಡಿದು ತಂದರು. ಗುಡ್ಡದ ತುದಿಯ ಒಂದು ಹಳೆಯ ದೀಪಗೋಪುರವನ್ನು ಖಾತೆಯವರು ದುರಸ್ತಿ ಮಾಡಿಸುತ್ತಿದ್ದರು. ಗೋಡೆಯ ಕೆಲಸ ಅಲ್ಲಿಯ ಗವಂಡಿಗಳದು, ಯಂತ್ರದ ಕೆಲಸ ನಮ್ಮದು. ಕರಾರು ಎರಡೇ: ದೀಪ ಒಂದು ಸುತ್ತು ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಸಬೇಕು, ನೂಲ ಹುಣ್ಣಿಮೆಗೆ ಮೊದಲು ಅದು ಗೋಪುರ ಸೇರಬೇಕು. ಆ ಹುಣ್ಣಿಮೆಗೆ ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿ ಇಳಿಸುತ್ತಾರಂತೆ. ಮಳೆಗಾಲದಲ್ಲಿ ದೋಣಿಗಳೂ ಇಲ್ಲ, ದೀಪವೂ ಇಲ್ಲ.

ಯಲ್ಲಾಪುರದ ಘಟ್ಟ ಹತ್ತಿ ಚಕ್ಕಡಿಗಳು ಬಂದವು. ಹಿಂದಿನ ಚಕ್ಕಡಿಯಲ್ಲಿ ಭತ್ತದ ಹುಲ್ಲಿನ ಮೇಲೆ ಒಬ್ಬ ಮುದುಕರು ಕುಳಿತಿದ್ದರು. ದೀಪ ಕಾಯುವವರು. ಅವರನ್ನು ಬರಹೇಳಿದವರು ಯಾರೂ ಇರಲಿಲ್ಲ. ದೀಪವನ್ನು ಒಂಟಿಯಾಗಿ ಕಳಿಸಲು ಮನಸ್ಸಾಗದೆ ತಾವೇ ಹತ್ತಿ ಬಂದಿದ್ದರು. ಮನೆಮಾತು ಕೊಂಕಣಿ, ನಮ್ಮೊಡನೆ ಕನ್ನಡವನ್ನು ನೋಡಿ ನೋಡಿ ಹೆಜ್ಜೆ ಇಡುವವರಂತೆ ಆಡುತ್ತಿದ್ದರು. ನಾವೆಲ್ಲ ಅವರನ್ನು ಕಾಕಾ ಎಂದೆವು.

ಹುಲ್ಲು ಬಿಚ್ಚಿದಾಗ ಒಳಗಿನಿಂದ ಎದೆಮಟ್ಟದ ಒಂದು ಗಾಜಿನ ಗೂಡು ಹೊರಬಂತು. ಹಿತ್ತಾಳೆಯ ಚೌಕಟ್ಟಿನಲ್ಲಿ ದಪ್ಪ ಗಾಜಿನ ಬಳೆಗಳು ಒಂದರೊಳಗೊಂದು. ನಡುವೆ ಎತ್ತಿನ ಕಣ್ಣಿನಂಥ ಉಬ್ಬು ಗಾಜು. ಬಗ್ಗಿ ನೋಡಿದವರಿಗೆಲ್ಲ ತಮ್ಮ ಹಿಂದಿನ ಜಗತ್ತು ತಲೆಕೆಳಗಾಗಿ ಕಂಡಿತು. ಎರಕ ಹೊಯ್ಯುವ ನಮ್ಮ ಆಳು ಹಿಂದೆ ಸರಿದ.

"ನಾ ಇದರ ಹಂತ್ಯಾಕ ಬರೂದಿಲ್ರಿ ಮಿಸ್ತ್ರಿ. ಮನಶ್ಯಾನ್ನ ತೆಲಿ ಕೆಳಗ ಮಾಡಿ ತೋರಸ್ತೈತಿ."

"ನಿನ್ನ ತೆಲಿ ನೆಟ್ಟಗ ಇದ್ದದ್ದರ ಯಾವಾಗಲೇ? ಹಿಡಿ ಆ ಕಡೆ," ಎಂದೆ. ಎಲ್ಲರೂ ನಕ್ಕರು. ಅವನು ನಗಲಿಲ್ಲ.

ಹಗಲಿನಲ್ಲಿ ಗಾಜಿಗೆ ಯಾವಾಗಲೂ ಬಟ್ಟೆ ಹೊದಿಸಿರಬೇಕು ಎಂದು ಕಾಕಾ ಮೊದಲೇ ಹೇಳಿದ್ದರು. ನಾವು ಅದನ್ನು ಮಡಿ-ಮೈಲಿಗೆಯ ಮಾತು ಎಂದುಕೊಂಡೆವು. ಮಾರನೆಯ ದಿನ ಗಾಳಿಗೆ ಬಟ್ಟೆ ಜಾರಿತು. ನಾವೆಲ್ಲ ಲೇಥಿನ ಹತ್ತಿರ ಇದ್ದೆವು. ಹಿತ್ತಲಲ್ಲಿ ನರಪಿಳ್ಳೆಯೂ ಇರಲಿಲ್ಲ. ಆದರೆ ಗೋಡೆಯ ಬುಡದಲ್ಲಿ ಒಟ್ಟಿದ್ದ ಹುಲ್ಲಿನ ನಡುವೆ ರೂಪಾಯಿ ನಾಣ್ಯದಷ್ಟು ಅಗಲದ ಜಾಗ ಕರಿಯಾಗಿ, ಸಣ್ಣ ಹೊಗೆಯ ಎಳೆಯೊಂದು ನೆಟ್ಟಗೆ ಮೇಲೇಳುತ್ತಿತ್ತು. ಬಿಸಿಲು ಆ ಗಾಜಿನೊಳಗೆ ಹೊಕ್ಕು ಸೂಜಿಯಾಗಿ ಹೊರಬಿದ್ದಿತ್ತು. ಕಾಕಾ ಓಡಿಬಂದು ಗಾಜಿಗೆ ಬಟ್ಟೆ ಎಳೆದು ಕಟ್ಟಿದರು.

"ಹಗಲು ಇದರ ಕಣ್ಣು ಕಟ್ಟಿಡಬೇಕು. ನೋಡಿದ್ದನ್ನ ಸುಡ್ತದೆ," ಎಂದರು.

ಅಂದಿನಿಂದ ಆ ಗಂಟಿನ ಮುಂದೆ ಹಾಯುವಾಗ ಯಾರೂ ಬೆನ್ನು ಕೊಡುತ್ತಿರಲಿಲ್ಲ.

ನಾನು ಕಾನಸಿನಿಂದ ಕಬ್ಬಿಣ ಉಜ್ಜುತ್ತಿದ್ದಾಗ ಕಾಕಾ ಎದುರು ಕುಕ್ಕರಗಾಲಲ್ಲಿ ಕುಳಿತು ಗೋಪುರದ ಕತೆ ಹೇಳುತ್ತಿದ್ದರು. ಮೊದಲು ಆ ಗುಡ್ಡದ ಮೇಲೆ ಬರೀ ಒಂದು ಮರದ ಕಂಬ. ತುದಿಗೆ ಎಣ್ಣೆಯ ಗಡಿಗೆ ಏರಿಸಿ ಉರಿಸುತ್ತಿದ್ದರಂತೆ. ಆಮೇಲೆ ಸರಕಾರದವರು ಕೆಂಪು ಕಲ್ಲಿನ ಗೋಪುರ ಕಟ್ಟಿಸಿದರು. ಯಂತ್ರ ಹಡಗಿನಲ್ಲಿ ಬಂತು. ಅದನ್ನು ಬೊಂಬಿಗೆ ಕಟ್ಟಿ ಗುಡ್ಡ ಹತ್ತಿಸಿದವರಲ್ಲಿ ಕಾಕಾನ ಅಜ್ಜ ಒಬ್ಬರು. ಅವರ ಮಗ ದೀಪ ಕಾಯುವವನಾದ, ಆ ಮಗನ ಮಗ ಈ ಕಾಕಾ. ಕಳೆದ ಹಂಗಾಮಿನಲ್ಲಿ ಗಾಲಿಯ ಹಲ್ಲು ಮುರಿದು ಯಂತ್ರ ನಿಂತಾಗ ಕಾಕಾ ಮತ್ತು ಅವರ ಹೆಂಡತಿ ಸರದಿಯ ಮೇಲೆ ಕುಳಿತು ಕೈಯಿಂದಲೇ ಗಾಜನ್ನು ತಿರುಗಿಸಿದ್ದರು. ಅವರಿಗೆ ಒಬ್ಬನೇ ಮಗ. ಅವನು ದೋಣಿಯಲ್ಲಿ ಹೋಗುವವನು.

ಮುರಿದ ಹಲ್ಲುಗಾಲಿಯನ್ನು ಕಂಚಿನಲ್ಲಿ ಎರಕ ಹೊಯ್ದು ಹೊಸದು ಮಾಡಿದೆ. ಇನ್ನು ಓಡಿಸಿ ನೋಡಬೇಕು. ಗೋಡೆಯ ಗಡಿಯಾರದ ಹಾಗೆ ಇದೂ ಗುಂಡಿನ ಮೇಲೆ ನಡೆಯುವ ಯಂತ್ರ. ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡು ಮೆಲ್ಲಗೆ ಇಳಿದಂತೆ ಮೇಲಿನ ಗಾಜು ತಿರುಗುತ್ತದೆ. ಅಲ್ಲಿ ಗುಂಡು ಇಳಿಯಲು ಗೋಪುರದ ನಡುವೆ ಪೊಳ್ಳು ಇದೆ. ಇಲ್ಲಿ ಅಷ್ಟು ಆಳ ಎಲ್ಲಿಂದ ತರೋಣ? ಹಿತ್ತಲಲ್ಲಿ ಹಲಗೆ ಮುಚ್ಚಿಟ್ಟ ಒಂದು ಬತ್ತಿದ ಬಾವಿ ಇತ್ತು. ಬಾಯಿಗೆ ಅಡ್ಡ ತೊಲೆ ಹಾಕಿ ಯಂತ್ರವನ್ನು ಅದರ ಮೇಲೆ ಕೂರಿಸಿದೆ. ಓಣಿಯ ಆಚೆ ಮನೆಯ ಮುದುಕಿ, ನಾವೆಲ್ಲ ಆಯಿ ಎನ್ನುತ್ತಿದ್ದವಳು, ಮಾಳಿಗೆಯ ಮೇಲಿಂದ ಕೂಗಿದಳು:

"ಏನ ಇಳಸಾಕತ್ತೀರೋ ಬಾವ್ಯಾಗ?"

"ಸಮುದ್ರ ಐತೇನು ಅಂತ ನೋಡಾಕತ್ತೇವಿ, ಆಯಿ!"

"ಆ ಬಾವ್ಯಾಗ ನೀರ ಇಲ್ಲ, ಸಮುದ್ರ ಎಲ್ಲಿಂದ ಬರತೈತಿ, ಮೂಳಾ! ಮುಚ್ಚಿದ್ದನ್ನ ಯಾಕ ಕೆಣಕ್ತೀರಿ?"

ದೀಪ ಹಚ್ಚುವ ಹೊತ್ತಿಗೆ ಗಾಜಿನ ಗೂಡಿನೊಳಗೆ ಕಾಕಾ ಬತ್ತಿ ಏರಿಸಿದರು. ನಾನು ತಡೆಗೂಟ ತೆಗೆದೆ. ಬಾವಿಯೊಳಗೆ ಗುಂಡು ಇಳಿಯತೊಡಗಿತು. ಸದ್ದೆಂದರೆ ಹಲ್ಲುಗಳ ಟಿಕ್ ಟಿಕ್ ಅಷ್ಟೇ. ಅದೂ ಬಾವಿಯ ಒಳಗಿನಿಂದ ಬಂದಂತೆ ಕೇಳುತ್ತಿತ್ತು. ಬೆಳಕಿನ ದಂಡವೊಂದು ಎದ್ದು ಕಮರಿಪೇಟೆಯ ಮೇಲೆ ಸುತ್ತಲು ಶುರುಮಾಡಿತು. ಮಾಳಿಗೆಗಳು, ಹಿತ್ತಲ ಗೋಡೆಗಳು, ನೇಕಾರರ ಮನೆಯ ಕಿಟಕಿಗಳು ಒಂದೊಂದಾಗಿ ಬೆಳಗಿ ಒಂದೊಂದಾಗಿ ಕಪ್ಪಾದವು. ಮಗ್ಗದ ಸದ್ದು ಒಂದು ಮನೆಯಲ್ಲಿ ನಿಂತಿತು, ಆಮೇಲೆ ಮುಂದಿನದರಲ್ಲಿ, ಆಮೇಲೆ ಅದರ ಮುಂದಿನದರಲ್ಲಿ, ಬೆಳಕು ಹೋದ ದಾರಿಯಲ್ಲೇ. ಅರಳಿಮರದ ಕಾಗೆಗಳು ಬೆಳಕು ತಾಗಿದಾಗಲೊಮ್ಮೆ ಒಟ್ಟಿಗೆ ಮೇಲೆದ್ದು ಮತ್ತೆ ಕೂರುತ್ತಿದ್ದವು. ಒಂದಾದರೂ ಕೂಗಲಿಲ್ಲ.

ಆಗ ನನಗೆ ಕಂಡಿತು: ಸುತ್ತಿನ ಒಂದು ಜಾಗದಲ್ಲಿ ಬೆಳಕು ತಡೆಯುತ್ತಿತ್ತು. ಪೂರ್ತಿ ನಿಲ್ಲುತ್ತಿರಲಿಲ್ಲ. ದಾರಿಯಲ್ಲಿ ಹೋಗುವವನು ಯಾರೋ ಕರೆದಂತಾಗಿ ಹೆಜ್ಜೆ ತಡೆದು, ಯಾರೂ ಇಲ್ಲವೆಂದು ಮುಂದೆ ನಡೆದ ಹಾಗೆ. ಮತ್ತೆ ಸುತ್ತಿ ಬಂತು, ಮತ್ತೆ ಅಲ್ಲೇ ತಡೆಯಿತು. ಆಯಿಯ ಕಿಟಕಿಯ ಎದುರು.

ಆಯಿ ಕೋಲೂರಿಕೊಂಡು ಬಾಗಿಲಿಗೆ ಬಂದೇ ಬಿಟ್ಟಳು. "ಎಲ್ಲಾರ ಮನಿ ಮುಂದ ಸರ್ರಂತ ಹೋಗ್ತೈತಿ, ನಮ್ಮ ಮನಿ ಮುಂದ ಯಾಕ ನಿಂದರತೈತಿ? ಒಳಗ ಬಂದು ಯಾರನ್ನೋ ಹುಡುಕಿ ಹ್ವಾದಂಗ ಆತು ನನಗ."

ಅವಳಿಗೆ ಏನೋ ಸಮಾಧಾನ ಹೇಳಿ ಕಳಿಸಿದೆ. ತಿರುಗಿ ನೋಡಿದರೆ ಕಾಕಾ ಬಾವಿಯ ಕಟ್ಟೆ ಹಿಡಿದುಕೊಂಡು ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

"ಅದು ಇಲ್ಲಿಗೂ ಬಂತು," ಎಂದರು.

"ಏನ ಬಂತು, ಕಾಕಾ?"

ಅವರು ದೀಪ ಆರಿಸಿ ಬಟ್ಟೆ ಕಟ್ಟಿದರು.

ನನಗೆ ಅದರಲ್ಲಿ ಹೆದರಿಕೆಯದ್ದೇನೂ ಕಾಣಲಿಲ್ಲ. ರೋಗದ ಜಾಗ ಸಿಕ್ಕ ಖುಷಿಯೇ ಆಯಿತು. ಮರುದಿನ ಗಾಜಿನ ಗೂಡನ್ನು ಎತ್ತಿಸಿ ನೋಡಿದೆ. ಗೂಡಿನ ತಳಕ್ಕೆ ಕಬ್ಬಿಣದ ಒಂದು ದೊಡ್ಡ ಬಳೆ. ಆ ಬಳೆ ಪೀಠದ ಗಾಲಿಗಳ ಮೇಲೆ ಉರುಳುತ್ತದೆ. ಬಳೆಯ ಮೈಯಲ್ಲಿ ಗಾಲಿ ಕೂರುವಷ್ಟು ಅಗಲದ ಗುಳಿಗಳು ಬಿದ್ದಿದ್ದವು. ಗಾಲಿಗಳು ಒಂದಕ್ಕೊಂದು ಸಮ ದೂರದಲ್ಲಿ ಇರಲಿಲ್ಲ. ಹಾಗಾಗಿ ಇಡೀ ಸುತ್ತಿನಲ್ಲಿ ಒಂದೇ ಕಡೆ ಎಲ್ಲ ಗಾಲಿಗಳೂ ತಮ್ಮ ತಮ್ಮ ಗುಳಿಗೆ ಒಮ್ಮೆಗೇ ಇಳಿಯುತ್ತಿದ್ದವು. ಅಲ್ಲಿಂದ ಹತ್ತಿ ಬರಲು ಯಂತ್ರ ತಿಣುಕುತ್ತಿತ್ತು. ಅಷ್ಟೇ ಸಂಗತಿ. ನಾನು ಹೊಸ ಬಳೆ ಎರಕ ಹೊಯ್ಯಿಸಿ, ಲೇಥಿಗೆ ಕಟ್ಟಿ, ಬೆರಳು ಜಾರುವಷ್ಟು ನುಣುಪಾಗಿ ಕೆತ್ತಿ ಕೂರಿಸಿದೆ. ಹಳೆಯ ಬಳೆಯನ್ನು ಕರಗಿಸಲು ಕೂಡಿಹಾಕಿದ ಹಳೆಗಬ್ಬಿಣದ ಮೋಡಕಾ ಗುಡ್ಡೆಗೆ ಎಸೆದೆವು.

ಆ ಸಂಜೆ ಬೆಳಕು ನೀರಿನಂತೆ ಹರಿಯಿತು. ಎಲ್ಲೂ ತಡೆಯಲಿಲ್ಲ. ಮಾಲಕರು ಕೈಯಲ್ಲಿ ಗಡಿಯಾರ ಹಿಡಿದು ನೋಡಿ, "ಭಪ್ಪರೆ ಮಿಸ್ತ್ರಿ! ಸಾಹೇಬ್ರು ಇನ್ನ ಬಾಯಿ ತಗಿಯೂದಿಲ್ಲ," ಎಂದರು. ಆಯಿಯೂ ಹೆದರಿ ಕಿಟಕಿಗೆ ಕಟ್ಟಿದ್ದ ಕಂಬಳಿ ತೆಗೆದಳು. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಗುಂಡಿ ನಿಲ್ಲುತ್ತಿರಲಿಲ್ಲ.

ಬೆಳಿಗ್ಗೆ ಬಂದು ನೋಡಿದರೆ ಕಾಕಾ ಮೋಡಕಾ ಗುಡ್ಡೆಯನ್ನು ಕೆದರುತ್ತಿದ್ದರು. ಕೈಯೆಲ್ಲ ಗೀರು. ಹಳೆಯ ಬಳೆಯನ್ನು ಎಳೆದು ಹೊರಗೆ ತಂದು ಅದರ ಮುಂದೆ ಕುಳಿತುಬಿಟ್ಟರು.

"ಮಿಸ್ತ್ರಿಯವರೇ, ನಿಮ್ಮ ಕೆಲಸ ಚಂದ ಅದೆ. ಆದ್ರೆ ಇದು ನಮ್ಮ ದೀಪ ಅಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಅಂದ್ರ? ಕುಂಟು ಕಾಲು ನೆಟ್ಟಗ ಮಾಡಿಕೊಟ್ರ ತಪ್ಪಾತೇನು?"

"ನಮ್ಮ ಬಂದರದ ಬಾಯಲ್ಲಿ ಒಂದು ಬಂಡೆ ಅದೆ. ಭರತಿ ಬಂದಾಗ ಮುಳುಗಿರ್ತದೆ, ಕಾಣೂದಿಲ್ಲ. ಈ ದೀಪ ಆ ಬಂಡೆ ಕಡೆ ತಿರುಗಿದಾಗ ತಡೀತದೆ. ಕತ್ತಲೆಯಲ್ಲಿ ಬರೋ ದೋಣಿಯವರಿಗೆ ಬೆಳಕು ಚಕ್ಕಂತ ಹೊಳೆದು ಹೋಯ್ತು ಅಂದ್ರೆ ದಾರಿ ಸರಿ ಅದೆ. ಬೆಳಕು ಕಣ್ಣಲ್ಲಿ ಉಳೀತು ಅಂದ್ರೆ ಬಂಡೆ ಎದುರಿಗೇ ಅದೆ, ಚುಕ್ಕಾಣಿ ತಿರುಗಿಸಬೇಕು. ನನ್ನ ಮಗ ಅದನ್ನ ನೋಡ್ಕೊಂಡೇ ಬರೂದು. ಊರಿನವರೆಲ್ಲ ಹಾಗೇ ಬರೂದು. ಹುಣ್ಣಿಮೆ ಆದ ಮೇಲೆ ಅವರು ಹೋಗ್ತಾರೆ. ಬರುವಾಗ ದೀಪ ತಡೀದಿದ್ರೆ…"

ಅವರು ಬಳೆಯ ಮೇಲಿನ ಮಣ್ಣನ್ನು ಅಂಗೈಯಿಂದ ಒರೆಸಿದರು.

"ಮತ್ತ ಇದನ್ನ ಮೊದಲ ಯಾಕ ಹೇಳಲಿಲ್ಲ?"

"ಅದು ಯಂತ್ರದ್ದು ಅಂತ ನನಗೆಲ್ಲಿ ಗೊತ್ತಿತ್ತು? ಬಂಡೆ ಎಳೀತದೆ ಅಂತ ನಾವೆಲ್ಲ ತಿಳಿದದ್ದು. ದೀಪ ಎಲ್ಲಿಗೆ ಹೋಗಿ ಬಂದ್ರೂ ಬಂಡೆ ಅಲ್ಲೇ ಇರ್ತದಲ್ಲ, ಮತ್ತೆ ಎಳೀತದೆ ಅಂತ ಇದ್ದೆ. ಆವತ್ತು ಇಲ್ಲೂ ತಡೀತಲ್ಲ, ಆವಾಗ ನನ್ನ ಜೀವ ಹಾರಿತು."

ನಾನು ಅವರ ಎದುರು ಕುಳಿತು ಬಳೆಯ ಗುಳಿಯಲ್ಲಿ ಹೆಬ್ಬೆರಳು ಇಟ್ಟೆ. ಕಬ್ಬಿಣ ಸುಳ್ಳು ಹೇಳುವುದಿಲ್ಲ. ಓಡುವ ಗಾಲಿ ಬಳೆಯನ್ನು ಸುತ್ತಲೂ ಸವೆಸುತ್ತದೆ. ಒಂದೇ ಕಡೆ ಗುಳಿ ಹಾಕುವುದಿಲ್ಲ. ನಿಂತ ಗಾಲಿ, ಅಷ್ಟು ಗಾಜಿನ ಭಾರ ಹೊತ್ತು, ಬಹಳ ಕಾಲ ನಿಂತ ಜಾಗದಲ್ಲಿ ಮಾತ್ರ ಹೀಗೆ ಕಚ್ಚುತ್ತದೆ. ಗಾಳಿಗೆ ಗೋಪುರ ನಡುಗಿದಷ್ಟೂ ಇನ್ನಷ್ಟು ಕಚ್ಚುತ್ತದೆ.

"ಕಾಕಾ, ಇದು ತಿರಿಗಿ ಆದದ್ದಲ್ಲ. ನಿಂತು ಆದದ್ದು. ಈ ದೀಪ ಆ ಬಂಡಿಗಲ್ಲಿನ ಕಡೆ ಮಾರಿ ಮಾಡಿ ಭಾಳ ದಿವಸ ನಿಂತಿತ್ತು. ಯಾರು ನಿಲ್ಲಿಸಿದ್ರು?"

ಕಾಕಾ ಬಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಹೇಳಿದರು. ಅವರಿಗೆ ಒಬ್ಬ ಅಣ್ಣ ಇದ್ದ. ಕಾಕಾ ಸಣ್ಣವರಿದ್ದಾಗ, ಮಳೆ ಹಿಡಿಯುವ ಮೊದಲಿನ ಕೊನೆಯ ಫೇರಿಯಲ್ಲಿ ಅಣ್ಣನ ದೋಣಿ ಆ ಬಂಡೆಗೆ ಬಡಿಯಿತು. ಉಳಿದವರ ಹೆಣ ಸಿಕ್ಕವು, ಅಣ್ಣನದು ಸಿಗಲಿಲ್ಲ. ಆ ಮಳೆಗಾಲ ಅಪ್ಪ ದೀಪ ಆರಿಸಲಿಲ್ಲ. ಸರಕಾರದ ಎಣ್ಣೆ ಮುಗಿದ ಮೇಲೆ ಮನೆಯ ಕೊಬ್ಬರಿ ಎಣ್ಣೆ ಹಾಕಿ ಉರಿಸಿದರು. ಯಂತ್ರದ ಗುಂಡು ಬಿಚ್ಚಿಟ್ಟು, ಗಾಜಿನ ಕಣ್ಣನ್ನು ಬಂಡೆಯ ಮೇಲೆ ನೆಟ್ಟು, ಅದರ ಪಕ್ಕದಲ್ಲಿ ಕುಳಿತರು. ಮಳೆಯಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಬಂಡೆಯ ಮೇಲೆ ಒಡೆಯುವ ಬಿಳಿ ನೊರೆಯೊಂದೇ.

"ಹಂಗಾಮು ಶುರುವಾಯ್ತು. ಅಪ್ಪ ಮತ್ತೆ ಗುಂಡು ಕಟ್ಟಿದ. ದೀಪ ಏಳಲಿಲ್ಲ. ಗುಂಡು ಜಗ್ಗುತಾ ಅದೆ, ಗಾಜು ಅಲ್ಲೇ ನೋಡ್ತಾ ಅದೆ. ಕೊನೆಗೆ ಅಪ್ಪ ಕೈಯಿಂದ ನೂಕಿದ. ಅಲ್ಲಿಂದ ಸುತ್ತಿದಾಗೆಲ್ಲ ಅಲ್ಲಿ ತಡೆಯೋಕೆ ಶುರು. ಹುಡುಕೂದನ್ನ ಬಿಡಲಿಲ್ಲ ಅದು ಅಂತ ಅವ್ವ ಹೇಳ್ತಿದ್ಲು."

ಹಾಡಹಗಲು, ಭಟ್ಟಿಯ ಕಾವು ಬೆನ್ನಿಗೆ ಬಡಿಯುತ್ತಿತ್ತು. ಆದರೂ ಗುಳಿಯಲ್ಲಿದ್ದ ನನ್ನ ಹೆಬ್ಬೆರಳು ತಣ್ಣಗಾಯಿತು. ಬೆಳಕು ಯಾರನ್ನೋ ಹುಡುಕಿ ಹೋದಂತಾಯಿತೆಂದು ಆಯಿ ಹೇಳಿದ ಮಾತನ್ನು ನಾನು ಕಾಕಾಗೆ ಹೇಳಲಿಲ್ಲ.

ಹಳೆಯ ಬಳೆಯನ್ನೇ ಹಾಗೇ ತಿರುಗಿ ಕೂರಿಸುವಂತಿರಲಿಲ್ಲ. ಗುಳಿ ಆಳವಾಗಿದ್ದರಿಂದಲೇ ಹಲ್ಲುಗಾಲಿಯ ಮೇಲೆ ಜಗ್ಗು ಬಿದ್ದು ಹಲ್ಲು ಮುರಿದದ್ದು. ಇನ್ನೊಂದು ಹಂಗಾಮಿಗೆ ನನ್ನ ಹೊಸ ಗಾಲಿಯೂ ಮುರಿಯುತ್ತಿತ್ತು. ದಾರಿ ಒಂದೇ. ಹಳೆಯ ಬಳೆಯನ್ನು ಲೇಥಿಗೆ ಕಟ್ಟಿ ಮೈಯನ್ನು ಸುತ್ತಲೂ ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೆತ್ತಿ ಇಳಿಸಬೇಕು, ಗುಳಿ ಪೂರ್ತಿ ಅಳಿಯುವ ಮೊದಲು ನಿಲ್ಲಿಸಬೇಕು. ಒಂದು ಕೆತ್ತು ಹೆಚ್ಚಾದರೆ ಮುಗಿಯಿತು; ಅಳಿದ ಗುಳಿಯನ್ನು ಮತ್ತೆ ತರಲಾಗದು.

ಮಾಲಕರು ಹೌಹಾರಿದರು. "ತೆಲಿ ಕೆಟ್ಟೈತೇನು ನಿನಗ? ಛಲೋ ಬಳಿ ತಗದು ಸವದದ್ದ ಹಾಕ್ತೀಯೇನು? ಸಾಹೇಬ್ರು ಗಡಿಯಾರ ಹಿಡಕೊಂಡ ನಿಂದರತಾರೋ!"

"ಸಾಹೇಬ್ರು ನೋಡೂದು ಒಂದು ಸುತ್ತಿನ ಹೊತ್ತು, ಮಾಲಕ್ರ. ಸುತ್ತು ಹೊತ್ತಿಗೆ ಸರಿ ಮುಗಸಿಕೊಡೂದು ನನ್ನ ಕಡೆ. ನಡುವ ಒಂದ ಚೂರು ನಿಂತು, ಉಳಿದ ಕಡೆ ಒಂದ ಚೂರು ಲಗೂ ಹ್ವಾದ್ರ ಕರಾರು ಮುರಿಯೂದಿಲ್ಲ."

"ಮತ್ತ ದೀಪ ತಪ್ಪಿದ್ರ?"

"ತಪ್ಪಿದ್ರ ನನ್ನ ಹೆಸರ ಹೇಳ್ರಿ."

ಆ ಮಾತು ಆಡಿದ್ದು ಸುಲಭ. ಕೆತ್ತಲು ನಿಂತಾಗ ನನ್ನ ಜೀವಮಾನದ ಕಲಿಕೆಯೆಲ್ಲ ಅಡ್ಡ ಬಂತು. ಹುಳುಕು ಕಂಡರೆ ತೆಗೆಯುವುದಕ್ಕೇ ಪಳಗಿದ ಕೈ ಇದು. ಹುಳುಕನ್ನು ಉಳಿಸುವುದು ಅದಕ್ಕೆ ಗೊತ್ತಿರಲಿಲ್ಲ. ಒಂದು ಕೆತ್ತು ತೆಗೆದು, ಬಳೆ ಬಿಚ್ಚಿ, ಬಾವಿಯ ಮೇಲೆ ಕೂರಿಸಿ, ಸಂಜೆ ದೀಪ ಹಚ್ಚಿ ನೋಡುವುದು. ಕಾಕಾ ದೀಪಕ್ಕೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಬೆಳಕು ಅವರ ಬೆನ್ನಿನ ಮೇಲೆ ಬಂದು ತಡೆದಾಗ ಎದುರಿನ ಗೋಡೆಯಲ್ಲಿ ಅವರ ನೆರಳು ಎದ್ದು ನಿಲ್ಲುತ್ತಿತ್ತು. "ಇನ್ನೂ ಭಾರ, ಬಹಳ ತಡೀತದೆ," ಎನ್ನುತ್ತಿದ್ದರು. ಮರುದಿನ ಮತ್ತೊಂದು ಕೆತ್ತು. ಆಯಿಗೆ ತೊಂದರೆಯಾಗದಿರಲಿ ಎಂದೇ ಪೀಠವನ್ನು ಬೇರೆ ಕಡೆ ತಿರುಗಿಸಿ, ತಡೆ ನಮ್ಮ ಗೋಡೆಗೇ ಬೀಳುವ ಹಾಗೆ ಮಾಡಿದ್ದೆ. ಆದರೂ ಅವಳ ಕಿಟಕಿಯ ಕಂಬಳಿ ಮತ್ತೆ ಬಂದಿತ್ತು.

"ಈಗ ನಿಮ್ಮ ಮನಿ ಮುಂದ ನಿಂದರೂದಿಲ್ಲಲ್ಲ, ಆಯಿ?"

"ಈಗ ನಿಮ್ಮನ್ನ ನೋಡಾಕತ್ತೈತಿ. ನಿಮಗ ತಿಳೀವಲ್ದು," ಎಂದಳು. ಅವತ್ತು ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ.

ಒಂದು ಸಂಜೆ ಗೋಡೆಯ ಮೇಲಿನ ನೆರಳು ಎದ್ದು, ನಿಂತು, ಹೋಯಿತು. ಕಾಕಾ ತಾಳಿ ಎಂದು ಕೈ ಎತ್ತಿದರು. ಇನ್ನೊಂದು ಸುತ್ತು. ಅವರು ಗೋಡೆಯ ಮೇಲಿನ ನೆರಳಿಗೆ ಅಂಗೈ ಒತ್ತಿದರು. "ಬಿಡಿ. ಇನ್ನು ಮುಟ್ಟಬೇಡಿ," ಎಂದರು. ನಾನು ಬೆರಳಾಡಿಸಿ ನೋಡಿದೆ. ಗುಳಿ ಕಣ್ಣಿಗೆ ಕಾಣುತ್ತಿರಲಿಲ್ಲ, ಉಗುರಿಗೆ ಮಾತ್ರ ತಾಗುತ್ತಿತ್ತು.

ಗುಂಡಿನ ತೂಕ ಹೊಂದಿಸಿ ಸುತ್ತಿನ ಹೊತ್ತನ್ನು ಸರಿಮಾಡಿದೆ. ಸಾಹೇಬರು ಬಂದರು, ಗಡಿಯಾರ ನೋಡಿದರು, ತಲೆಯಾಡಿಸಿದರು. ಆ ಸಣ್ಣ ತಡೆ ಅವರ ಕಣ್ಣಿಗೆ ಬಿತ್ತೋ ಇಲ್ಲವೋ, ಕೇಳುವ ಗೋಜಿಗೆ ನಾನು ಹೋಗಲಿಲ್ಲ.

ಶ್ರಾವಣದಲ್ಲಿ ಮಳೆ ತುಸು ತಗ್ಗಿದಾಗ ಚಕ್ಕಡಿ ಕಟ್ಟಿಕೊಂಡು ನಾನೂ ಘಟ್ಟ ಇಳಿದೆ. ಗೋಪುರಕ್ಕೆ ಹೊಸ ಸುಣ್ಣ ಬಳಿದಿದ್ದರು. ಒಳಗೆ ಮಾತ್ರ ಹಳೆಯ ತೇವದ ವಾಸನೆ. ಮೆಟ್ಟಿಲು ಹತ್ತುವಾಗ ಗಾಳಿ ಪೊಳ್ಳಿನೊಳಗೆ ಒಂದೇ ಸಮನೆ ಹೂಂಗುಟ್ಟುತ್ತಿತ್ತು, ಕತೆ ಕೇಳುವವರ ಹಾಗೆ. ಪೀಠದ ಮೇಲೆ ಹಳೆಯ ಗುರುತಿಗೆ ಗುರುತು ಕೂಡಿಸಿ ದೀಪ ನಿಲ್ಲಿಸಿದೆ.

ಹುಣ್ಣಿಮೆಯಾಗಿ, ಬೆಳದಿಂಗಳು ತಡವಾಗಿ ಏಳುವ ದಿನಗಳು ಬಂದ ಮೇಲೆ ಕಾಕಾನ ಮಗನ ದೋಣಿಯಲ್ಲಿ ಸಂಜೆ ನಾನೂ ಕುಳಿತೆ. ನೋಡದೆ ಹುಬ್ಬಳ್ಳಿಗೆ ಮರಳುವ ಮನುಷ್ಯ ನಾನಲ್ಲ. ನನಗೆ ಈಜು ಬಾರದು, ಅದನ್ನೂ ಹೇಳಿಬಿಡುತ್ತೇನೆ. ಕತ್ತಲಾದ ಮೇಲೆ ದಡದ ಕಡೆ ತಿರುಗಿದೆವು. ಮೇಲೆ ಬೆಳಕು ಸುತ್ತುತ್ತಿತ್ತು. ಚಕ್ಕೆಂದು ಕಣ್ಣಿಗೆ ಹೊಳೆದು ಹೋಗುತ್ತಿತ್ತು. ಮತ್ತೆ ಕತ್ತಲು, ಮತ್ತೆ ಚಕ್ಕೆಂದು. ಹುಟ್ಟು ಹಾಕುವವರು ಯಾವುದೋ ಮದುವೆಯ ಊಟದ ಬಗ್ಗೆ ಜಗಳವಾಡುತ್ತಿದ್ದರು.

ಒಂದು ಸಲ ಬೆಳಕು ಬಂದದ್ದು ಹೋಗಲಿಲ್ಲ. ಕಣ್ಣಲ್ಲೇ ಉಳಿಯಿತು. ಮುಖ, ಕೈ, ದೋಣಿಯ ಹಲಗೆ ಎಲ್ಲ ಬೆಳ್ಳಗೆ. ಮಾತು ತಂತಾನೇ ನಿಂತಿತು. ಎದುರಿನ ನೀರು ಸುತ್ತಲಿನ ನೀರಿನ ಹಾಗಿರಲಿಲ್ಲ. ಅಲ್ಲಿ ಅದು ಎಣ್ಣೆಯಂತೆ ಉಬ್ಬಿ, ಏನನ್ನೋ ಒಳಗೆಳೆದುಕೊಂಡಂತೆ ತಗ್ಗುತ್ತಿತ್ತು. ಆ ಉಬ್ಬನ್ನು ನಾನು ನೋಡುತ್ತಿದ್ದಷ್ಟು ಹೊತ್ತೂ ಅದರ ಕೆಳಗಿನಿಂದ ನನ್ನನ್ನು ಯಾರೋ ನೋಡುತ್ತಿದ್ದಾರೆ ಎನ್ನಿಸಿತು. ಬಳೆ, ಗಾಲಿ, ಗುಳಿ, ಎಲ್ಲವೂ ನನಗೆ ಗೊತ್ತು. ಗೊತ್ತಿದ್ದದ್ದು ಆಗ ಕೆಲಸಕ್ಕೆ ಬರಲಿಲ್ಲ. ಕಾಕಾನ ಮಗ ಅವಸರವಿಲ್ಲದೆ ಚುಕ್ಕಾಣಿ ಒತ್ತಿದ. ದೋಣಿ ಹೊರಳಿತು. ಬೆಳಕು ನಮ್ಮನ್ನು ಬಿಟ್ಟು ಹೋಯಿತು. ಬಲಗಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಕತ್ತಲೆಯೊಳಗೆ ಕಲ್ಲಿನಿಂದ ನೀರು ಸೋರುವ ಸದ್ದು ಬಂದು ಹಿಂದೆ ಸರಿಯಿತು.

ಸ್ವಲ್ಪ ದೂರ ಬಂದ ಮೇಲೆ ಮದುವೆಯ ಊಟದ ಜಗಳ ಮತ್ತೆ ಶುರುವಾಯಿತು. ಕಾಕಾನ ಮಗ ನನ್ನ ಕಡೆ ಬಗ್ಗಿ ಕೇಳಿದ:

"ಅಲ್ಲ ಮಿಸ್ತ್ರಿಯವರೇ, ಒಂದು ಮಳೆಗಾಲ ಪೂರ್ತಿ ಹುಬ್ಬಳ್ಳಿಯಲ್ಲಿ ಇಟ್ಕೊಂಡು ಏನು ರಿಪೇರಿ ಮಾಡಿದ್ರಿ ಇದನ್ನ? ಹೆಂಗಿತ್ತೋ ಹಂಗೇ ಅದೆಯಲ್ಲ!"

ಹುಟ್ಟು ಹಾಕುವವರೆಲ್ಲ ನಕ್ಕರು. ನನ್ನ ಬಾಯಿಗೆ ತಕ್ಕ ಉತ್ತರ ಬಂದಿತ್ತು. ನುಂಗಿಕೊಂಡು, ದೋಣಿಯ ಅಂಚನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಕುಳಿತೆ.